ಸೈಟು ನವನಗರದಾಚೆ, ಆಯಿ ಹಳೇ ಊರಲ್ಲಿ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸಲಹೆ ಕೇಳಲು ನನ್ನ ಹತ್ತಿರ ಬಂದ ಈ ಗಂಡ ಹೆಂಡತಿ ಇಬ್ಬರೂ ಬಾಗಲಕೋಟೆ ಜಿಲ್ಲೆಯವರೇ. ಗಂಡನಿಗೆ ಬಾಗಲಕೋಟೆಯ ಹೊಸ ಊರಾದ ನವನಗರದ ಕಚೇರಿಯೊಂದರಲ್ಲಿ ನೌಕರಿ. ಹೆಂಡತಿ ನರ್ಸ್, ಪಾಳಿ ಡ್ಯೂಟಿ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಈಗ ಬಾಗಲಕೋಟೆಯ ಹಳೇ ಊರಿನ ಓಣಿಯೊಂದರಲ್ಲಿ ಬಾಡಿಗೆಗಿದ್ದಾರೆ. ಹೆಂಡತಿಯ ತಾಯಿ, ಅಂದರೆ ಮಕ್ಕಳ ಆಯಿ (ಅಜ್ಜಿ), ಅದೇ ಓಣಿಯವರು. ಗದ್ದನಕೇರಿ ಕ್ರಾಸ್ ಕಡೆಯ ಹೊಸ ಲೇಔಟಿನಲ್ಲಿ ಗಂಡ ಸೈಟು ತಗೊಂಡಿದ್ದಾರೆ. ಕೂಡಲೇ ಮನೆ ಕಟ್ಟಿಸಬೇಕು ಅಂತ ಅವರು, ಬೇಡವೇ ಬೇಡ ಅಂತ ಆಕೆ. ಜಗಳ ಎಷ್ಟರ ಮಟ್ಟಿಗೆ ಹೋಗಿತ್ತು ಅಂದರೆ, ಊಟಕ್ಕೆ ಕರೆಯುವುದೂ ಮಗಳ ಮೂಲಕವೇ.

"ಗಟಾರ ಬಾಜೂಕ ಆಡಿ ಬೆಳೀಬೇಕೇನ್ರಿ ನಮ್ಮ ಹುಡುಗ್ರು?" ಎಂದರು ಗಂಡ.

"ಅಲ್ಲಿ ಯಾರದಾರ್ರಿ ಮೇಡಂ? ಹುಡುಗ ಬಿದ್ರ ಎತ್ತಾಕ ಒಬ್ರರ ಬೇಕಲ್ರಿ" ಎಂದರು ಹೆಂಡತಿ.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ನಿನ್ನೆ ಮಧ್ಯಾಹ್ನ ಶಾಲೆ ಬಿಟ್ಟಾಗಿನಿಂದ ರಾತ್ರಿ ಊಟದವರೆಗೆ ಮಕ್ಕಳು ಎಲ್ಲಿದ್ದರು, ಯಾರ ಜೊತೆ ಇದ್ದರು, ಬರೆಯಿರಿ ಎಂದೆ. ಗಂಡನ ಹಾಳೆಯಲ್ಲಿ ಸಂಜೆ ಆರೂವರೆವರೆಗಿನ ಜಾಗದಲ್ಲಿ ಒಂದೇ ಪದ: "ಆಡ್ತಾರೆ". ಹೆಂಡತಿಯ ಹಾಳೆ ತುಂಬಿತ್ತು. ಆಯಿ ಚಹಾದಲ್ಲಿ ಅದ್ದಿ ಕೊಡುವ ಬ್ರೆಡ್ಡು, ಗಿರಣಿ ಕಾಕಾನ ಕಟ್ಟೆ, ಎದುರು ಮನೆ ಅಕ್ಕನ ಹತ್ತಿರ ಹೋಂವರ್ಕ್. ಆದರೆ ನಡುವೆ ಒಂದು ಸಾಲು ಹೀಗಿತ್ತು: "ತಮ್ಮ ಅಕ್ಕನ ಜೊತೆ ಬಜಾರ ರಸ್ತೆ ದಾಟಿ ಅಂಗಡಿಗೆ ಹೋಗಿಬಂದ." ನಾಲ್ಕು ವರ್ಷದವನನ್ನು ಏಳು ವರ್ಷದವಳು ಕೈಹಿಡಿದು ರಸ್ತೆ ದಾಟಿಸುತ್ತಿದ್ದಾಳೆ. ಒಂಬತ್ತು ಹತ್ತು ವರ್ಷ ಆಗುವ ತನಕ ಬರುವ ಗಾಡಿಯ ವೇಗ ಮಕ್ಕಳಿಗೆ ಸರಿಯಾಗಿ ಅಂದಾಜಾಗುವುದಿಲ್ಲ. ಹಾಳೆಗಳನ್ನು ಅದಲುಬದಲು ಮಾಡಿ ಓದಲು ಕೊಟ್ಟೆ. ಇಬ್ಬರೂ ಸುಮ್ಮನಾದರು.

ಗಂಡನಿಗೆ ಸೈಟಿನ ಮೇಲೆ ಇಷ್ಟು ಹಟ ಯಾಕೆ ಅಂತ ತಿಳಿದದ್ದು ಆಮೇಲೆ. ಅವರದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಹಳ್ಳಿ. ಹೈಸ್ಕೂಲಿನಲ್ಲಿದ್ದಾಗ ಮನೆಯ ತೊಲೆ, ಬಾಗಿಲು ಕಿತ್ತು ಟ್ರ್ಯಾಕ್ಟರಿಗೆ ಹೇರಿದ್ದು ಅವರಿಗಿನ್ನೂ ನೆನಪಿದೆ. ಜಲಾಶಯದಲ್ಲಿ ಈಗ ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರದ ತನಕ ನೀರು ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಹಳೇ ಊರು ಅಂದರೆ ಅಲ್ಲಿಗೂ ಹಿನ್ನೀರು ನುಗ್ಗೀತು ಅಂತಲೇ ಅವರ ಕಣ್ಣಿಗೆ ಕಾಣುತ್ತದೆ. ಇದನ್ನು ಹೆಂಡತಿಗೆ ಅವರು ಎಂದೂ ಬಿಡಿಸಿ ಹೇಳಿರಲಿಲ್ಲ. ಈ ಭಯ ಸುಳ್ಳಲ್ಲ. ಹಳೇ ಊರಲ್ಲಿ ಮನೆ ಕೊಳ್ಳುವವರು ಆ ಜಾಗ ಭೂಸ್ವಾಧೀನದಲ್ಲಿದೆಯೇ ಅಂತ ಬಿಟಿಡಿಎ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ವಿಚಾರಿಸಲೇಬೇಕು. ಆದರೆ ಅದು ಕೊಳ್ಳುವವರ ಚಿಂತೆ. ಇವರು ಬಾಡಿಗೆಯವರು. ನಾಳೆಯೇ ಓಡಬೇಕಾದ ಗಡಿಬಿಡಿ ಇಲ್ಲ.

ನಾನು ಕೊಟ್ಟ ಸಲಹೆ ಇದು. ಸೈಟು ಇರಲಿ, ಮಾರಬೇಡಿ. ಅದರ ಸುತ್ತ ಮನೆಗಳು ಏಳುವ ತನಕ ಮಕ್ಕಳನ್ನು ಅಲ್ಲಿಗೆ ಒಯ್ಯಬೇಡಿ. ಅರ್ಧ ಕಟ್ಟಿದ ಮನೆಗಳ ಮುಚ್ಚದ ಸಂಪು, ಪಾಯದ ಗುಂಡಿಯಲ್ಲಿ ನಿಂತ ನೀರು, ಇವು ಹಳೇ ಓಣಿಯ ಗಟಾರಕ್ಕಿಂತ ಅಪಾಯ. ಹೆಂಡತಿಗೆ ರಾತ್ರಿ ಪಾಳಿ ಇದ್ದು ಗಂಡ ಬರುವುದು ತಡವಾದರೆ, ಎರಡು ಮಕ್ಕಳು ಬೀಗ ಹಾಕಿದ ಮನೆಯಲ್ಲಿ. ನಕ್ಷೆಯಲ್ಲಿ ಪಾರ್ಕ್ ಅಂತ ಹಸಿರು ಬಳಿದಿದ್ದರೆ ಮಕ್ಕಳು ಆಡಿದಂತಾಗುವುದಿಲ್ಲ. ನಾಲ್ಕು ವರ್ಷದ ಮಗು ದಿನಕ್ಕೆ ಮೂರು ತಾಸು ಮೈ ಆಡಿಸಬೇಕು, ಏಳು ವರ್ಷದ್ದು ಕನಿಷ್ಠ ಒಂದು ತಾಸು ಬೆವರು ಬರುವಂತೆ ಓಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಓಡೋಕೆ ಜೊತೆಗಾರರು ಬೇಕು ಅಲ್ವಾ?

ಒಂದು ಶಾಲಾ ವರ್ಷದ ಮಟ್ಟಿಗೆ ನವನಗರದಲ್ಲೇ, ಜನ ತುಂಬಿ ಬಹಳ ವರ್ಷವಾದ ಸೆಕ್ಟರಿನಲ್ಲಿ ಬಾಡಿಗೆ ಹಿಡಿಯಿರಿ ಎಂದೆ. ಶಾಲೆಗೆ ದೊಡ್ಡ ರಸ್ತೆ ದಾಟದೆ ಹೋಗುವಂತಿರಬೇಕು, ಇದೊಂದರಲ್ಲಿ ರಾಜಿ ಬೇಡ. ಮನೆ ನೋಡಲು ಭಾನುವಾರ ಬೆಳಿಗ್ಗೆ ಏಜೆಂಟನ ಜೊತೆ ಹೋದರೆ ಏನೂ ತಿಳಿಯುವುದಿಲ್ಲ. ವಾರದ ದಿನ ಸಂಜೆ ಐದಕ್ಕೆ ಮಗಳ ಕೈಹಿಡಿದು ನಡೆಯಿರಿ. ಎಷ್ಟು ಮಕ್ಕಳು ಹೊರಗಿದ್ದಾರೆ ನೋಡಿ. ರಾತ್ರಿ ಒಂಬತ್ತಕ್ಕೆ ಮತ್ತೆ ಹೋಗಿ. ಬೀದಿ ದೀಪ ಎಷ್ಟು ಉರಿಯುತ್ತವೆ, ನಾಯಿಗಳು ಎಲ್ಲಿ ಗುಂಪುಗೂಡುತ್ತವೆ ಗೊತ್ತಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಬೇವಿನ ಗಿಡದ ನೆರಳು ಎಲ್ಲಿದೆ ಅಂತಲೂ ನೋಡಿ. ನೀರು ಯಾವಾಗ ಬಿಡುತ್ತಾರೆ ಅಂತ ಓನರನ್ನಲ್ಲ, ಅಂಗಳದಲ್ಲಿ ಭಾಂಡಿ ತಿಕ್ಕುವವರನ್ನು ಕೇಳಿ.

ಇನ್ನೊಂದು ಮಾತು ಇಬ್ಬರಿಗೂ ಕಷ್ಟವಾಯಿತು. ಆಯಿ ಬಂದೇ ಬರುತ್ತಾರೆ ಅಂತ ಹೆಂಡತಿ ಲೆಕ್ಕ ಹಾಕಿದ್ದರು, ಬರುವುದಿಲ್ಲ ಅಂತ ಗಂಡ. ಆಯಿಯನ್ನು ಇಬ್ಬರೂ ಕೇಳಿರಲಿಲ್ಲ. ಮುದುಕಿಯ ಮೊಣಕಾಲು, ಅವರ ಭಜನೆ, ಅವರ ಗೆಳತಿಯರು, ಇವೆಲ್ಲ ಲೆಕ್ಕಕ್ಕೆ ಬರಲೇಬೇಕು. ಮಕ್ಕಳನ್ನು ನೋಡಿಕೊಳ್ಳುವವರ ಸಂಜೆಯನ್ನು ಅವರನ್ನು ಕೇಳದೆ ಹಂಚಿಕೊಳ್ಳುವುದು ನಮ್ಮ ಮನೆಗಳಲ್ಲಿ ಬಹಳ. ಮನೆಗೆ ಹೋಗಿ ಕೇಳಿ, ಬರುತ್ತೇನೆ ಅಂದ ದಿನಗಳಿಗೆ ಟಂಟಂ ಆಟೋ ಖರ್ಚು ನೀವೇ ಕೊಡಿ, ಒಲ್ಲೆ ಅಂದ ದಿನಗಳಿಗೆ ಹೊಸ ಸೆಕ್ಟರಿನಲ್ಲೇ ನಂಬುವ ಒಂದು ಮನೆ ಹುಡುಕಿ ಎಂದೆ.

ಜೂನಿಗೆ ಮುಂಚೆ ಅವರು ಮನೆ ಬದಲಿಸಿದರು. ಹೆಂಡತಿಯ ದೂರದ ಕಾಕಿಯ ಮನೆ ಎರಡು ಓಣಿ ಆಚೆ ಸಿಕ್ಕಿತು. ಆಯಿ ವಾರಕ್ಕೆ ಮೂರು ದಿನ ಬರುತ್ತಾರೆ. ಮಗಳು ಹೊಂದಿಕೊಂಡಿದ್ದಾಳೆ. ಮಗ ಮಾತ್ರ ಶನಿವಾರ ಬಂತೆಂದರೆ ಹಳೇ ಊರಿಗೆ ಹೋಗೋಣ ಅಂತ ಅಳುತ್ತಾನೆ. ಅದಕ್ಕೆ ಅವನನ್ನು ಗದರಿಸಬೇಡಿ, ಕರೆದೊಯ್ಯಿರಿ ಎಂದಿದ್ದೇನೆ. ಮನೆ ಕಟ್ಟಿಸುವ ಮಾತು ಇನ್ನೂ ಮುಗಿದಿಲ್ಲ. ಶಾಲಾ ವರ್ಷ ಮುಗಿದ ಮೇಲೆ ಬನ್ನಿ, ಬರುವಾಗ ಆಯಿಯನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.