ಫಾರ್ಮಲ್ಲಿ ಮರೆವಿನ ವಿಷ್ಯ ಬರೀಬೇಕಾ, ಬೇಡ್ವಾ?

ಗುರುತು ಸಿಗಬಾರ್ದು ಅಂತ ಸುಮಾರು ವಿವರ ಬದಲಾಯಿಸಿದೀನಿ, ಬರೆಯೋಕೆ ಇಬ್ಬರ ಒಪ್ಪಿಗೆನೂ ಇದೆ. ಗಂಡನಿಗೆ 76, ಹೆಂಡತಿಗೆ 71. ಮಕ್ಕಳಿಬ್ರೂ ದೂರದಲ್ಲಿದಾರೆ.

ಮೊದಲ ಸಲ ನನ್ನ ಹತ್ರ ಸಲಹೆ ಕೇಳೋಕೆ ಹೆಂಡತಿ (ಅಮ್ಮ ಅಂತೀನಿ) ಒಬ್ರೇ ಬಂದಿದ್ರು, ಕೈಲಿ ಒಂದು ಫೈಲು. ಮನೆ ಮಾರಿ ರಿಟೈರ್ಮೆಂಟ್ ಕಮ್ಯುನಿಟಿಗೆ (ವಯಸ್ಸಾದೋರಿಗಂತಲೇ ಇರೋ ವಸತಿ, ಮುಂದೆ ಕೈಲಾಗದಿದ್ರೆ ಅಲ್ಲೇ ಬೇರೆ ಆರೈಕೆ ವಿಭಾಗನೂ ಇರುತ್ತೆ) ಹೋಗೋದು ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿತ್ತು, ಜಾಗಾನೂ ನೋಡಿದ್ರು, ಸೇರೋಕೆ ಮುಂಚೆ ಇಬ್ಬರ ಆರೋಗ್ಯದ ಫಾರ್ಮ್ ತುಂಬಿ ಕೊಡ್ಬೇಕಿತ್ತು ಅಷ್ಟೇ. ಅಲ್ಲೇ ಸಿಕ್ಕಿ ಹಾಕ್ಕೊಂಡಿದ್ರು. ಯಜಮಾನ್ರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಾರೆ, ಕಟ್ಟಿದ ಬಿಲ್ಲನ್ನೇ ಇನ್ನೊಂದ್ಸಲ ಕಟ್ತಾರೆ, ಮಾತ್ರೆ ತಗೊಂಡ್ರಾ ಇಲ್ವಾ ಅನ್ನೋದು ಅವ್ರಿಗೇ ಗೊತ್ತಿರಲ್ಲ. "ಇದನ್ನೆಲ್ಲ ಬರೀಲೇಬೇಕಾ ಮೇಡಂ? ಬರೆದ್ರೆ ಸೇರಿಸ್ಕೊಳ್ಳಲ್ಲ ಅಂತಾರಲ್ಲ."

ಈ ಪ್ರಶ್ನೆ ನಂಗೆ ಹೊಸದಲ್ಲ, ಸಾಮಾನ್ಯವಾಗಿ ಮಕ್ಕಳು ಕೇಳ್ತಾರೆ. ನೇರವಾಗೇ ಹೇಳ್ದೆ, ಮುಚ್ಚಿಡೋದ್ರಿಂದ ನಿಮಗೇ ನಷ್ಟ. ಗೊತ್ತಿದ್ದೂ ಹೇಳಿಲ್ಲ ಅಂತ ಆಮೇಲೆ ಬಯಲಾದ್ರೆ ಒಪ್ಪಂದ ರದ್ದಾಗ್ಬಹುದು, ಆರೈಕೆ ವಿಭಾಗದಲ್ಲಿ ಜಾಗ ಕೊಡಲ್ಲ ಅನ್ಬಹುದು, ಅದೂ ಯಾವಾಗ, ಮನೆ ಮಾರಿಯಾಗಿ ನಿಮಗೆ ನಿಜವಾಗ್ಲೂ ಆರೈಕೆ ಬೇಕಾದಾಗ. ಆದ್ರೆ ಅದಕ್ಕಿಂತ ದೊಡ್ಡ ವಿಷ್ಯ ಏನಂದ್ರೆ, ಮುಚ್ಚಿಡೋಕೆ ಇವರ ಹತ್ರ ರೋಗದ ಹೆಸರೇ ಇರಲಿಲ್ಲ! ಡಾಕ್ಟರ ಹತ್ರ ಹೋಗೇ ಇಲ್ಲ. ವಿಟಮಿನ್ ಬಿ12 ಕಮ್ಮಿ ಇದ್ರೂ ಮರೆವು ಬರುತ್ತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದ ಆಗಿರೋದು, ಕೆಲವು ನಿದ್ದೆ ಮಾತ್ರೆ, ಹೀಗೆ ಸರಿಪಡಿಸ್ಬಹುದಾದ ಕಾರಣಗಳೂ ಇರ್ತಾವೆ. ಮೊದಲು ಪರೀಕ್ಷೆ, ಆಮೇಲೆ ಫಾರ್ಮು ಅಂದೆ.

ಎರಡನೇ ಸಲ ಯಜಮಾನ್ರೂ ಬಂದ್ರು. ನಾನು ಅವ್ರನ್ನ ಏನು ಕೇಳಿದ್ರೂ ಉತ್ತರ ಅಮ್ಮನಿಂದ ಬರ್ತಿತ್ತು, ಅವರು ಬಾಯಿ ತೆರೆಯೋಕೆ ಮುಂಚೇನೇ. ಪ್ರೀತಿಯಿಂದಲೇ ಮಾಡೋದು, ಆದ್ರೆ ಹಿಂಗೆ ಮಾಡ್ತಾ ಮಾಡ್ತಾ ಮನುಷ್ಯನಿಗೆ ಎಷ್ಟು ಆಗುತ್ತೆ ಎಷ್ಟು ಆಗಲ್ಲ ಅನ್ನೋದು ಯಾರಿಗೂ ಗೊತ್ತಾಗಲ್ಲ. ಅಮ್ಮ ನೀವೊಂದು ಸ್ವಲ್ಪ ಹೊತ್ತು ಹೊರಗೆ ಕೂತಿರಿ ಅಂದೆ. ಒಬ್ರೇ ಇದ್ದಾಗ ಸರ್ ಚೆನ್ನಾಗೇ ಮಾತಾಡಿದ್ರು. ಮರೆವಿನ ವಿಷ್ಯ ಅವ್ರಿಗೂ ಗೊತ್ತು. ಜಾಗ ಬದಲಾಯಿಸೋದು ಅವರ ಭಯ ಅಲ್ಲ, "ಒಂದಿನ ನನ್ನನ್ನ ಬೇರೆ ವಿಭಾಗಕ್ಕೆ ಹಾಕ್ತಾರಲ್ಲ, ಅದನ್ನ ಯಾರು ತೀರ್ಮಾನ ಮಾಡ್ತಾರೆ?" ಅಂತ ಕೇಳಿದ್ರು. ಅವರ ಫೈಲಲ್ಲಿದ್ದ ಕಾಗದಗಳಲ್ಲಿ ಸ್ವಿಮ್ಮಿಂಗ್ ಪೂಲ್ ಅಳತೆ ಸಮೇತ ಇತ್ತು, ಈ ಪ್ರಶ್ನೆಗೆ ಉತ್ತರ ಮಾತ್ರ ಎಲ್ಲೂ ಇರಲಿಲ್ಲ.

ಹಾಗಾಗಿ ನಾವು ಅಲ್ಲಿಂದಲೇ ಶುರು ಮಾಡಿದ್ವಿ. ಒಬ್ಬರಿಗೆ ಎಷ್ಟು ಸಹಾಯ ಬೇಕು ಅಂತ ಅಳೆಯೋಕೆ 1963ರಲ್ಲಿ ಕಾಟ್ಜ್ ಅನ್ನೋ ಅಮೆರಿಕದ ವೈದ್ಯರು ಮತ್ತು ಜೊತೆಗಾರರು ಮಾಡಿದ ಪಟ್ಟಿ ಈಗಲೂ ಬಳಕೆಲಿದೆ: ಸ್ನಾನ, ಬಟ್ಟೆ ಹಾಕ್ಕೊಳ್ಳೋದು, ಟಾಯ್ಲೆಟ್ಟಿಗೆ ಹೋಗೋದು, ಹಾಸಿಗೆ ಕುರ್ಚಿಯಿಂದ ಏಳೋದು, ಮಲಮೂತ್ರದ ಹಿಡಿತ, ಊಟ. ಸರ್‌ಗೆ ಈ ಆರೂ ಸಲೀಸು. ಲಾಟನ್, ಬ್ರಾಡಿ ಅನ್ನೋ ಸಂಶೋಧಕರ 1969ರ ಪಟ್ಟಿಲಿ ದುಡ್ಡಿನ ವ್ಯವಹಾರ, ಮಾತ್ರೆ, ಫೋನು, ಅಡುಗೆ, ಓಡಾಟ ಇಂಥವು ಬರ್ತಾವೆ, ಇವರಿಗೆ ಜಾರ್ತಿರೋದು ಇಲ್ಲಿ, ಮರೆವಿನ ಕಾಯಿಲೇಲಿ ಸಾಮಾನ್ಯವಾಗಿ ಮೊದಲು ಜಾರೋದೂ ಇವೇ. ಅಂದ್ರೆ ಇಬ್ರೂ ಒಟ್ಟಿಗೆ ಒಂದೇ ಮನೇಲಿ ಇರೋ ಅವಕಾಶ ಇನ್ನೂ ಇದೆ, ಆದ್ರೆ ಅದೇ ನೋಡ್ಕೊಂಡು ಸಹಿ ಹಾಕಬಾರ್ದು, ಅದರ ಮುಂದಿನ ಹಂತಕ್ಕೆ ಅಲ್ಲೇನು ವ್ಯವಸ್ಥೆ ಇದೆ ಅಂತ ನೋಡಿ ಹಾಕ್ಬೇಕು.

ಅಲ್ಲಿಗೆ ಹೋದಾಗ ಕೇಳಿ ಅಂತ ಬರೆಸಿದ್ದು: ಬೇರೆ ವಿಭಾಗಕ್ಕೆ ಕಳಿಸೋದನ್ನ ತೀರ್ಮಾನ ಮಾಡೋರು ಯಾರು, ನಾವು ಒಪ್ಪದಿದ್ರೆ ಏನು? ಒಬ್ರು ಆ ಕಡೆ ಹೋದ್ರೆ ಮನೆಗೂ ಕಟ್ಬೇಕಾ, ಅಲ್ಲಿಗೂ ಕಟ್ಬೇಕಾ? ಒಬ್ರು ತೀರ್ಕೊಂಡ್ರೆ ಇನ್ನೊಬ್ರು ಅಲ್ಲೇ ಇರ್ಬಹುದಾ? ಡೆಪಾಸಿಟ್ ವಾಪಸ್ ಅಂದ್ರೆ ಯಾವಾಗ, ಬಿಟ್ಟ ತಕ್ಷಣನಾ ಇಲ್ಲಾ ಆ ಮನೆಗೆ ಇನ್ನೊಬ್ರು ಬಂದ್ಮೇಲಾ? (ಎಷ್ಟೋ ಒಪ್ಪಂದಗಳಲ್ಲಿ ಎರಡನೇದೇ ಇರೋದು.) ದುಡ್ಡಿನ ಲೆಕ್ಕದಲ್ಲೂ ಮೂರು ಥರ ಇರುತ್ತೆ, ಮೊದಲೇ ದೊಡ್ಡ ಮೊತ್ತ ಕಟ್ಟಿದ್ರೆ ಮುಂದೆ ಆರೈಕೆ ಹೆಚ್ಚಾದ್ರೂ ತಿಂಗಳ ಖರ್ಚು ಅಷ್ಟಾಗಿ ಏರದೇ ಇರೋದು, ಸ್ವಲ್ಪ ದಿನದ ಆರೈಕೆ ಮಾತ್ರ ಸೇರಿರೋದು, ಬಳಸಿದಷ್ಟಕ್ಕೆ ಕಟ್ಟೋದು. ಇವರು ಮೂರನೇದು ಅಗ್ಗ ಅಂತ ಆರಿಸಿದ್ರು. ಆರೈಕೆ ಬೇಕಾಗೋದು ಹೆಚ್ಚುಕಡಿಮೆ ಖಚಿತ ಇರೋರಿಗೆ ಅದು ಅಗ್ಗ ಆಗಿ ಉಳಿಯಲ್ಲ, ಆರೋಗ್ಯ ವಿಮೆನೂ ಸ್ನಾನ ಮಾಡಿಸೋದು ಬಟ್ಟೆ ಹಾಕೋದು ಇಂಥದಕ್ಕೆಲ್ಲ ಸಾಮಾನ್ಯವಾಗಿ ಕೊಡಲ್ಲ. ಹಂಗಂತ ಮೊದಲನೇದಕ್ಕೆ ಕಣ್ಣು ಮುಚ್ಚಿ ಕಟ್ಟೋದೂ ಬೇಡ, ಸಂಸ್ಥೆ ಮುಳುಗಿದ್ರೆ ಭರವಸೆನೂ ಮುಳುಗುತ್ತೆ, ಆಡಿಟ್ ಆದ ಲೆಕ್ಕ ತೋರಿಸಿ ಅಂತ ಕೇಳಿ ಅಂದೆ.

ಕಾಗದ ಪತ್ರ ಮಾತ್ರ ತಡ ಮಾಡ್ಬೇಡಿ ಅಂತ ಒತ್ತಿ ಹೇಳ್ದೆ. ರೋಗದ ಹೆಸರು ಬಂದ ಕೂಡ್ಲೇ ಸಹಿ ಹಾಕೋ ಹಕ್ಕು ಹೋಗಲ್ಲ, ಆ ಹೊತ್ತಲ್ಲಿ ವಿಷ್ಯ ಅರ್ಥ ಆಗ್ತಿದ್ಯಾ ಅನ್ನೋದೇ ಮುಖ್ಯ. ಆದ್ರೆ ಎಷ್ಟೋ ದೇಶಗಳಲ್ಲಿ ಸಾಧಾರಣ ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ಇನ್ನೊಬ್ರು ಸಹಿ ಹಾಕೋಕೆ ಕೊಡೋ ಅಧಿಕಾರಪತ್ರ), ಕೊಟ್ಟೋರಿಗೆ ತಿಳುವಳಿಕೆ ಹೋದ್ಮೇಲೆ ನಡೆಯಲ್ಲ, ಆಮೇಲೂ ನಡೆಯೋ ಥರದ್ದು ಇದ್ಯಾ ಅಂತ ವಕೀಲರನ್ನ ಕೇಳ್ಬೇಕು. ಚಿಕಿತ್ಸೆ ಬಗ್ಗೆ ತಮಗೇನು ಬೇಕು ಬೇಡ ಅನ್ನೋದನ್ನ ಸರ್ ತಮ್ಮ ಕೈಲೇ ಬರೆದ್ರು, ಬೇರೆ ವಿಭಾಗಕ್ಕೆ ಕಳಿಸೋಕೆ ಮುಂಚೆ ತಮಗೆ ಹೇಳ್ಬೇಕು, ಆಗ ಅರ್ಥ ಆಗದಿದ್ರೂ ಹೇಳ್ಬೇಕು ಅಂತಾನೂ ಸೇರಿಸಿದ್ರು.

ಮಗ ವಿಡಿಯೋ ಕಾಲಲ್ಲಿ ಬಂದು ಇದ್ಯಾವ್ದೂ ಬೇಡ, ಮನೇಲೇ ನರ್ಸ್ ಇಟ್ಕೊಳ್ಳೋಣ ಅಂದ. ತಪ್ಪೇನಲ್ಲ, ಅದೂ ಒಂದು ದಾರಿನೇ. ಒಂದು ವಾರದ ಟೈಮ್‌ಟೇಬಲ್ ಹಾಕಪ್ಪ, ರಾತ್ರಿ ಯಾರು, ನರ್ಸ್ ಬರದ ದಿನ ಯಾರು, ಎಲ್ಲ ತುಂಬಿ ಕಳಿಸು ಅಂದೆ. ಕಳಿಸಿದ. ಅದರ ಅರ್ಧಕ್ಕರ್ಧ ಚೌಕಗಳಲ್ಲಿ "ಅಮ್ಮ" ಅಂತಿತ್ತು. ಅದನ್ನ ನೋಡಿ ಅವನೇ ಸುಮ್ಮನಾದ.

ಪರೀಕ್ಷೇಲಿ ಬಿ12 ಕಮ್ಮಿ ಅಂತ ಬಂತು, ಚಿಕಿತ್ಸೆಯಿಂದ ಸ್ವಲ್ಪ ಚುರುಕಾದ್ರು, ಆದ್ರೂ ಮುಂದಿನ ತಪಾಸಣೇಲಿ ಆಲ್ಝೈಮರ್ಸ್‌ನ ಆರಂಭದ ಹಂತ ಅಂದ್ರು. ಫಾರ್ಮಲ್ಲಿ ಹಾಗೇ ಬರೆದ್ರು. ಮೊದಲು ನೋಡಿದ್ದ ಜಾಗದೋರು ಆಗಲ್ಲ ಅಂದ್ರು, ಇನ್ನೊಂದು ಕಡೆ ಒಂದು ತಿಂಗಳು ಇದ್ದು ನೋಡಿ ಅಂದ್ರು, ಹೋಗಿ ಇದ್ದು ಬಂದ್ರು, ಸರ್‌ಗೆ ಹಿಡಿಸಿದೆ. ಈಗ ತಡ ಆಗಿರೋದು ಅಮ್ಮನ ಫಾರ್ಮಿಂದ. ಎಲ್ಲ ಕಾಲಮ್ಮಲ್ಲೂ ಏನೂ ಇಲ್ಲ ಅಂತ ಬರೆದಿದ್ರು, ಆದ್ರೆ ರಾತ್ರಿ ನಿದ್ದೆ ಇಲ್ಲ, ಮಂಡಿ ನೋವಿಗೆ ಮೆಟ್ಟಿಲು ಹತ್ತೋಕಾಗಲ್ಲ, ಕೊನೇ ಸಲ ಬಿಪಿ ನೋಡಿಸಿದ್ದು ಯಾವಾಗ ಅಂತ ನೆನಪಿಲ್ಲ. ಅವರನ್ನೂ ಡಾಕ್ಟರ ಹತ್ರ ಕಳಿಸಿದೀನಿ, ರಿಪೋರ್ಟ್ ಬರೋವರೆಗೂ ಸಹಿ ಬೇಡ ಅಂದಿದೀನಿ.