ಅಂಗಳದ ಹೊಂಗೆಯೇ ಸಾಕು

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ ನಾನು. ವರ್ಷವರ್ಷವೂ ಅದೇ ಪಾಠ ಹೇಳಿ ನನಗೇ ಸಪ್ಪೆಯಾಗಿದೆ. ತರಬೇತಿಯೊಂದರಲ್ಲಿ ‘ಪ್ರಕೃತಿಯೊಡನೆ ಬೆರೆಯಿರಿ, ಒಳ್ಳೆಯ ಶಿಕ್ಷಕರಾಗುತ್ತೀರಿ’ ಎಂದರು. ನಮ್ಮದು ಬಯಲುಸೀಮೆ. ಮಲೆನಾಡು ಸುತ್ತಲು ರಜೆಯೂ ಇಲ್ಲ, ಹಣವೂ ಇಲ್ಲ. ಏನು ಮಾಡಲಿ ಮೇಡಂ?
– ಒಬ್ಬ ಶಿಕ್ಷಕ, ಚಳ್ಳಕೆರೆ ತಾಲ್ಲೂಕು

ಉತ್ತರ: ಮಲೆನಾಡು ಬೇಡ ಮೇಷ್ಟ್ರೇ. ಶಾಲೆಯ ಅಂಗಳದಲ್ಲೋ ಊರ ದಾರಿಯಲ್ಲೋ ಒಂದು ಹೊಂಗೆ ಮರ ಇದ್ದರೆ ಸಾಕು.

ನಾನು ಚಿತ್ರದುರ್ಗದಲ್ಲಿ ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಹೊಂಗೆಯ ಎಲೆ ತಂದಳು. ಅದರ ಮೇಲೆ ಪುಟ್ಟ ಬೆರಳಿನಂಥ ಹಸಿರು ಗಂಟುಗಳು ಎದ್ದಿದ್ದವು. ‘ಇದು ಕಾಯಿಯೇ ಮಿಸ್?’ ನನಗೂ ಗೊತ್ತಿರಲಿಲ್ಲ. ಬ್ಲೇಡಿನಿಂದ ಸೀಳಿ ಭೂತಗನ್ನಡಿ ಹಿಡಿದೆವು. ಒಳಗೆ ಬೀಜವಿಲ್ಲ, ಬರೀ ಟೊಳ್ಳು. ಕಾಯಿಯಾದರೆ ಎಲೆಯ ಮೇಲೇಕೆ ಬಿಡುತ್ತದೆ ಎಂದು ಮಕ್ಕಳೇ ವಾದಕ್ಕೆ ಇಳಿದರು. ಅದು ನುಸಿಯ ಕೆಲಸವೆಂದು ಆಮೇಲೆ ಸಸ್ಯಶಾಸ್ತ್ರ ಬಲ್ಲವರೊಬ್ಬರಿಂದ ತಿಳಿಯಿತು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಅದು ರಸ ಹೀರಿದಾಗ ಎಲೆಯೇ ಗಂಟು ಕಟ್ಟಿ ಅದಕ್ಕೆ ಮನೆಯಾಗುತ್ತದೆ. ತೆಂಗಿನಕಾಯಿಗೆ ಬೀಳುವ ನುಸಿಯೂ ಇದೇ ಕುಲದ್ದು ಎಂದಾಗ, ಮನೆಯಲ್ಲಿ ತೆಂಗಿನ ತೋಟವಿದ್ದ ಹುಡುಗರು ನೆಟ್ಟಗೆ ಕುಳಿತರು.

ಪ್ರಕೃತಿ ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎನ್ನುತ್ತಾರೆ, ಕೊಡಲಿ. ಶಿಕ್ಷಕರಿಗೆ ಅದಕ್ಕಿಂತ ದೊಡ್ಡ ಲಾಭವೊಂದಿದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮುಂದೆ ಮಕ್ಕಳ ಜೊತೆ ನಿಲ್ಲುವ ಧೈರ್ಯ ಬರುತ್ತದೆ. ಆ ಎಲೆಯ ನಂತರ ನನ್ನ ಪಾಠದ ಸಿದ್ಧತೆಯೇ ಬದಲಾಯಿತು. ಹೇಳುವುದಕ್ಕಿಂತ ಮೊದಲು ತೋರಿಸಲು ಏನಿದೆ ಎಂದು ಹುಡುಕತೊಡಗಿದೆ. ಮನೆಯಲ್ಲೂ ಸಿಡಿಮಿಡಿ ಕಡಿಮೆಯಾಯಿತು, ಎದುರಿನವರ ಮಾತು ಮುಗಿಯುವವರೆಗೆ ಕಾಯುವುದು ರೂಢಿಯಾಯಿತು.

ಮಳೆ ಬಂದ ಮೇಲೊಂದು ಭಾನುವಾರ ದುರ್ಗದ ಕೋಟೆಗೂ ಬನ್ನಿ. ಗೋಪಾಲಸ್ವಾಮಿ ಹೊಂಡದಲ್ಲಿ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೂ ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೂ ಇಳಿಯುವಂತೆ ಕಟ್ಟಿದ್ದಾರೆ. ಮಳೆನೀರು ಸಂಗ್ರಹದ ಪಾಠಕ್ಕೆ ಬೇರೆ ಚಿತ್ರಪಟ ಬೇಕಾಗದು.

ಸೋಮವಾರಕ್ಕೊಮ್ಮೆ ಆ ಹೊಂಗೆಯನ್ನು ನೋಡಿ, ದಿನಾಂಕ ಹಾಕಿ ಎರಡು ಸಾಲು ಬರೆಯಿರಿ: ಎಲೆ ಉದುರಿದ್ದು, ಚಿಗುರಿದ್ದು, ಹೂ ಕಚ್ಚಿದ್ದು. ಮಕ್ಕಳೂ ಬರೆಯಲಿ. ಪಾಠ ಹಿಂದೆ ಬೀಳುತ್ತದೆ ಎಂದು ಮುಖ್ಯೋಪಾಧ್ಯಾಯರು ಆಕ್ಷೇಪಿಸಿದರೆ, ಮರದ ಕೆಳಗೆ ತಾನಾಗಿ ಎದ್ದ ಒಂದು ಸಸಿಯನ್ನು ಬೇರುಸಹಿತ ಮೆಲ್ಲಗೆ ಅಗೆದು ತೋರಿಸಿ. ಹೊಂಗೆ ತೊಗರಿ, ಅವರೆಯಂಥ ದ್ವಿದಳ ಧಾನ್ಯಗಳ ಕುಟುಂಬದ್ದು. ಅದರ ಬೇರಿನಲ್ಲೂ ಗಂಟುಗಳಿರುತ್ತವೆ, ಅಲ್ಲಿ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಅದು ಪಠ್ಯದಲ್ಲೇ ಇರುವ ಪಾಠ.