ಮಂತ್ರಿಯಾದ ಮೇಷ್ಟ್ರು

ಬಳ್ಳಾರಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬರ ಪತ್ರ: “ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರಿಗೆ ಓಟು ಹಾಕಿದ್ದನ್ನು ನಮ್ಮ ತಾತ ಈಗಲೂ ಹೇಳುತ್ತಾರೆ. ಆದರೆ ಅಷ್ಟು ದೊಡ್ಡ ವಿದ್ವಾಂಸರು ರಾಜಕೀಯಕ್ಕೆ ಬಂದು ಹತ್ತು ವರ್ಷ ಹಾಳು ಮಾಡಿಕೊಂಡರು ಅನ್ನುತ್ತಾರೆ ನಮ್ಮ ಮೇಷ್ಟ್ರು. ನೀವು ಒಪ್ಪುತ್ತೀರಾ?”

ಒಪ್ಪುವುದಿಲ್ಲ ತಾಯಿ. ಆದರೂ ನಿಮ್ಮ ಮೇಷ್ಟ್ರ ಸಂಕಟ ನನಗೆ ಅರ್ಥವಾಗುತ್ತದೆ. ಕೇಂಬ್ರಿಜ್‌ನಲ್ಲಿ ರಾವ್ ಮಾಡಿದ ಕೆಲಸವನ್ನು ಕಂಡವರಿಗೆ ಈ ಮನುಷ್ಯ ಕಡೇತನಕ ಅದನ್ನೇ ಮಾಡಬೇಕಿತ್ತು ಅನ್ನಿಸುವುದು ಸಹಜ.

1931–32ರಲ್ಲಿ ಬ್ರಿಟಿಷ್ ಇಂಡಿಯಾದ ವರಮಾನ ಎಷ್ಟು? ರಾವ್ ಕೈ ಹಾಕಿದ್ದು ಈ ಪ್ರಶ್ನೆಗೆ. ಹೊಲ, ಗಣಿ, ಕಾಡಿನ ಹುಟ್ಟುವಳಿಗೆ ದಾರಿಯಿತ್ತು: ಎಷ್ಟು ಬಂತು, ಬೆಲೆ ಏನು ಎಂದು ಗುಣಿಸಿ, ಬಿತ್ತನೆ ಬೀಜದಂಥ ಖರ್ಚು ಕಳೆಯುವುದು. ಕ್ಷೌರಿಕರ, ಅಗಸರ, ಮನೆಗೆಲಸದವರ ದುಡಿಮೆಯನ್ನು ಯಾವ ಕೊಳಗದಲ್ಲಿ ಅಳೆಯುವುದು? ಅಲ್ಲಿಗೆ ರಾವ್ ಬೇರೆ ದಾರಿ ಹಿಡಿದರು. ಅಂಥವರು ಎಷ್ಟು ಮಂದಿ ಎಂದು ಜನಗಣತಿಯಿಂದ ತೆಗೆದು, ತಲಾ ಗಳಿಕೆಯಿಂದ ಗುಣಿಸಿದರು. ಎರಡೂ ಲೆಕ್ಕ ಕೂಡಿಸಿದಾಗ ಬಂದದ್ದು ತಲೆಗೆ ವರ್ಷಕ್ಕೆ 62 ರೂಪಾಯಿ. ತಿಂಗಳಿಗೆ ಐದು ರೂಪಾಯಿ ಚಿಲ್ಲರೆ! ಈ ಅಂಕಿ ಓದಿದಾಗಲೆಲ್ಲ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಈ ಲೆಕ್ಕ ಲೈಬ್ರರಿಯಲ್ಲೇ ಉಳಿಯಲಿಲ್ಲ. 1949ರಲ್ಲಿ ಸರ್ಕಾರ ರಾಷ್ಟ್ರೀಯ ವರಮಾನ ಸಮಿತಿ ನೇಮಿಸಿದಾಗ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್, ಅರ್ಥಶಾಸ್ತ್ರಜ್ಞ ಗಾಡ್ಗೀಳ್ ಜೊತೆ ರಾವ್ ಕೂಡ ಇದ್ದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ್ದೂ ಅದೇ ವರ್ಷ. ಆಮೇಲೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ, 1963ರಿಂದ ಯೋಜನಾ ಆಯೋಗದ ಸದಸ್ಯ. ಪಾಠ, ಸರ್ಕಾರ ಎರಡೂ ಅವರಿಗೆ ಒಂದೇ ಮನೆಯ ಎರಡು ಕೋಣೆ ಇದ್ದಂತೆ. ಚುನಾವಣೆಗೆ ನಿಂತಾಗ ಮನೆ ಬಿಟ್ಟುಹೋದರು ಅಂದುಕೊಳ್ಳುವುದೇ ತಪ್ಪು.

1967ರಲ್ಲಿ ನಿಮ್ಮ ಬಳ್ಳಾರಿ ಅವರನ್ನು ಲೋಕಸಭೆಗೆ ಕಳಿಸಿತು. ಮೊದಲು ಸಾರಿಗೆ ಮತ್ತು ನೌಕಾಯಾನ, 1969ರಲ್ಲಿ ಶಿಕ್ಷಣ ಖಾತೆ. ಗಾಂಧೀಜಿ ಜನ್ಮಶತಮಾನದ ಆ ವರ್ಷ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಶುರುವಾಯಿತು. ನೀವು ಯಾವುದಾದರೂ ಹಳ್ಳಿಯ ಶಿಬಿರದಲ್ಲಿ ಮಣ್ಣು ಹೊತ್ತಿದ್ದರೆ ಅದರ ಬೇರು ಅಲ್ಲಿದೆ. ಹಳ್ಳಿಯ ಗಳಿಕೆಯನ್ನು ಕಾಗದದ ಮೇಲೆ ಎಣಿಸಿದವರು ಹುಡುಗರನ್ನು ಹಳ್ಳಿಗೇ ಕಳಿಸುವ ಯೋಜನೆಗೆ ಚಾಲನೆ ಕೊಟ್ಟದ್ದನ್ನು ನಾನು ಕಳೆದುಹೋದ ಕಾಲ ಅನ್ನಲಾರೆ.

ಮಂತ್ರಿಗಿರಿ ಹೋದ ಮರುವರ್ಷ, 1972ರಲ್ಲಿ, ಇನ್ನೂ ಸಂಸದರಾಗಿದ್ದಾಗಲೇ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ಸ್ಥಾಪಿಸಿದರು. ಆಗ ಅವರಿಗೆ ಅರವತ್ತಮೂರು. ನಾಗರಭಾವಿಯ ಆ ಸಂಸ್ಥೆಯ ರಸ್ತೆಗೇ ಈಗ ಅವರ ಹೆಸರಿದೆ. ಅಲ್ಲಿ ಪಿಎಚ್.ಡಿ. ಮಾಡಲು ಅವಕಾಶವಿದೆ, ಎಂ.ಎ. ಮುಗಿದ ಮೇಲೆ ವಿಚಾರಿಸಿ.

ಈಗ ನನ್ನದೊಂದು ಕೋರಿಕೆ. ಓಟು ಕೇಳಲು ಬಂದಾಗ ರಾವ್ ಏನು ಮಾತಾಡಿದ್ದರು, ಯಾವ ಭಾಷೆಯಲ್ಲಿ, ಜನ ಏನು ಕೇಳಿದರು ಎಂದು ತಾತನ ಹತ್ತಿರ ಕೂತು ಬರೆದುಕೊಳ್ಳಿ. ಅವರು ಹೇಳಿದ ಹಾಗೇ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂಪಾದಕ